ಉಸಿರು ಸೋರದ ಇಂಜಿನ್

ನನ್ನ ಶೆಡ್ಡಿನಲ್ಲಿ ಸ್ಪ್ಯಾನರ್ ಸೆಟ್ಟಿನ ಪಕ್ಕದಲ್ಲೇ ಬಿ.ಪಿ. ನೋಡುವ ಮೀಟರ್ ಒಂದಿದೆ. ಹಳೇ ಜಾವಾ, ಯೆಜ್ಡಿ ಬೈಕ್ ತಂದು ನಿಲ್ಲಿಸುವವರು ಅದನ್ನು ನೋಡಿ ‘ಇದ್ಯಾಕೆ ಸಾರ್ ಇಲ್ಲಿ?’ ಅಂತ ಕೇಳುತ್ತಾರೆ. ಇಂಜಿನ್ ಕಟ್ಟಿ ಮುಗಿಸಿದ ಮೇಲೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ. ಅದು ಯಾಕೆ ಬೇಕು ಅಂತ ತಿಳಿಯಲು ನಾನು ಒಂದು ರೇಸ್ ಸೋಲಬೇಕಾಯಿತು.

ಅಪ್ಪ ಯಾದವಗಿರಿಯ ಫ್ಯಾಕ್ಟರಿಯಲ್ಲಿದ್ದರು. 1961ರಿಂದ ಅಲ್ಲಿ ಜಾವಾ ತಯಾರಾಗುತ್ತಿತ್ತು. 1973ರಲ್ಲಿ ಟ್ಯಾಂಕಿನ ಮೇಲೆ ಯೆಜ್ಡಿ ಅಂತ ಹೆಸರು ಬಂತು. ಆದರೂ ನಮ್ಮ ಮೈಸೂರಿನವರಿಗೆ, 1996ರಲ್ಲಿ ಬಾಗಿಲು ಹಾಕುವವರೆಗೂ, ಅದು ಜಾವಾ ಫ್ಯಾಕ್ಟರಿಯೇ. ಸಂಜೆ ಜಗಲಿ ಮೇಲೆ ಕೂತು ಅಪ್ಪ ರಸ್ತೆ ಕಡೆ ತಿರುಗದೆಯೇ, ಸದ್ದು ಕೇಳಿಯೇ ಬೈಕಿನ ಮಾಡೆಲ್ ಹೇಳುತ್ತಿದ್ದರು: ‘ಇದು ಬಿ ಟೈಪ್. ಇದು ರೋಡ್‌ಕಿಂಗ್, ಪಾಯಿಂಟ್ ಸರಿಯಿಲ್ಲ.’ ನನಗೆ ಬೈಕಿನ ಹುಚ್ಚು ಹತ್ತಿದ್ದು ಕಿವಿಯಿಂದ.

1981ರಲ್ಲಿ, 14ನೇ ವಯಸ್ಸಿಗೆ, ಗ್ಯಾರೇಜ್ ಸೇರಿದೆ. ಮೊದಲ ಎರಡು ವರ್ಷ ಸೀಮೆಎಣ್ಣೆಯಲ್ಲಿ ಪಾರ್ಟ್ಸ್ ತೊಳೆದದ್ದೇ ಜಾಸ್ತಿ. ಉಸ್ತಾದ್ ಮದ್ರಾಸಿನ ಹತ್ತಿರದ ಶೋಲಾವರಂ ರೇಸುಗಳನ್ನು ಕಣ್ಣಾರೆ ಕಂಡವರು. ಎರಡನೇ ಮಹಾಯುದ್ಧದ ಕಾಲದ ಹಳೇ ವಿಮಾನ ನಿಲ್ದಾಣವದು, ರನ್‌ವೇ ಮೇಲೆಯೇ ರೇಸ್. ಮಧ್ಯಾಹ್ನ ಊಟದ ಹೊತ್ತಿಗೆ ಅವರು ಆ ಕಥೆ ಶುರು ಮಾಡಿದರೆ ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಆಮೇಲೆ ಗುಜರಿಯಿಂದ ಒಂದು ರೋಡ್‌ಕಿಂಗ್ ತಂದೆ. ಫ್ಯಾಕ್ಟರಿಯಿಂದ ಬಂದಾಗ ಅದರ 250 ಸಿಸಿ ಇಂಜಿನ್ನಿಗೆ 16 ಕುದುರೆ ಶಕ್ತಿ. ನನಗೆ ಅದು ಸಾಲದು ಅನ್ನಿಸಿತು. ಎಕ್ಸಾಸ್ಟ್ ಪೋರ್ಟನ್ನು, ಅಂದರೆ ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿಯನ್ನು, ಮೇಲಕ್ಕೆ ಉಜ್ಜಿದರೆ ಓಟ ಹೆಚ್ಚುತ್ತದೆ ಅಂತ ಯಾರೋ ಹೇಳಿದ್ದರು. ಒಂದು ರಾತ್ರಿ ಅರ ಹಿಡಿದು ಕೂತು 2 ಮಿ.ಮೀ. ಉಜ್ಜಿದೆ. ಸದ್ದು ಜೋರಾಯಿತು. ಜೊತೆಗೆ ಕಡಿಮೆ ವೇಗದಲ್ಲಿನ ಎಳೆತ ಹೋಯಿತು.

1988ರಲ್ಲಿ ಊರಾಚೆಯ ಮೈದಾನದಲ್ಲಿ ನನ್ನ ಮೊದಲ ಡರ್ಟ್ ರೇಸ್. ಮೂರನೇ ಸುತ್ತಿನಲ್ಲಿ ತಿರುವಿಗೆ ಬಂದು ಆಕ್ಸಿಲರೇಟರ್ ಬಿಟ್ಟೆ. ಇಂಜಿನ್ ಇಳಿಯಲೇ ಇಲ್ಲ, ಹಾಗೇ ಕೂಗುತ್ತಿತ್ತು. ಒಳ್ಳೇ ದಮ್ಮಿದೆ ಅಂದುಕೊಂಡೆ. ಅರ್ಧ ಸುತ್ತು ಹೋಗುವಷ್ಟರಲ್ಲಿ ಪಿಸ್ಟನ್ ಅಂಟಿ ಸೀಜ್ ಆಯಿತು, ಹಿಂದಿನ ಚಕ್ರ ಕಚ್ಚಿಕೊಂಡಿತು, ನಾನು ಧೂಳಿನಲ್ಲಿದ್ದೆ.

ಉಸ್ತಾದ್ ಬಂದು ಏನೂ ಹೇಳದೆ ಪ್ಲಗ್ ಬಿಚ್ಚಿದರು. ವಿಭೂತಿ ಥರ ಬೆಳ್ಳಗಿತ್ತು. ‘ಪೋರ್ಟಿಗೆ ಅರ ಹಾಕೋ ಮೊದ್ಲು ಉಸಿರು ಎಲ್ಲಿ ಸೋರ್ತಿದೆ ನೋಡ್ಬೇಕಲ್ವೇನೋ ಮರಿ’ ಅಂದರು.

ಅವರು ಹೇಳಿದ್ದು ಇದು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲ್, ಆಯಿಲ್, ಗಾಳಿ ಮೂರೂ ಮೊದಲು ಹೋಗುವುದು ಪಿಸ್ಟನ್ ಕೆಳಗಿನ ಪೆಟ್ಟಿಗೆಗೆ, ಕ್ರ್ಯಾಂಕ್ ಕೇಸಿಗೆ. ಅಲ್ಲಿಂದ ಪಿಸ್ಟನ್ ಅದನ್ನು ಮೇಲಕ್ಕೆ ತಳ್ಳುತ್ತದೆ. ಅಂದರೆ ಕ್ರ್ಯಾಂಕ್ ಕೇಸೇ ಇಂಜಿನ್ನಿನ ಎದೆಗೂಡು. ಅಲ್ಲಿ ತೂತಿದ್ದರೆ ಹೊರಗಿನ ಬರೀ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಕಡಿಮೆ, ಅದರ ಜೊತೆ ಬರುವ ಆಯಿಲೂ ಕಡಿಮೆ. ಕಾವು ಏರಿ ಪ್ಲಗ್ ಬೆಳ್ಳಗಾಗುತ್ತದೆ, ಪಿಸ್ಟನ್ ಅಂಟಿಕೊಳ್ಳುತ್ತದೆ. ಕ್ರ್ಯಾಂಕಿನ ಬಲಗಡೆ, ಡೈನಮೋ ಕಡೆಯ ಆಯಿಲ್ ಸೀಲ್ ಹೋದರೆ ಹೀಗಾಗುತ್ತದೆ. ಎಡಗಡೆ, ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ. ನನ್ನದು ಬಲಗಡೆಯದು. ಬೆರಳಗಲದ ಒಂದು ರಬ್ಬರ್ ಸೀಲ್.

ಅವತ್ತಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಕೇಸಿನ ಎರಡು ಹೋಳು ಬಿಡಿಸುವಾಗ ಮಧ್ಯೆ ಸ್ಕ್ರೂ ಡ್ರೈವರ್ ತೂರಿಸುವುದಿಲ್ಲ. ನನ್ನ ಹತ್ತಿರ ಬರುವ ಹಳೇ ಇಂಜಿನ್‌ಗಳಲ್ಲಿ ಹಾಗೆ ಮೀಟಿದ ಗಾಯ ಎಷ್ಟೋ ಸಲ ಕಂಡಿದ್ದೇನೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಸೋರಿಕೆ ಶುರುವಾಗುವುದೇ ಅಲ್ಲಿ. ಗಾಯವಾದ ಮುಖವನ್ನು ದಪ್ಪ ಗಾಜಿನ ಮೇಲೆ ಉಜ್ಜಿ ಸಮ ಮಾಡುತ್ತೇನೆ. ಬೇರಿಂಗ್ ಕೂರಿಸುವ ಮೊದಲು ಕೇಸ್ ಕಾಯಿಸಬೇಕು. ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೆ ಹನಿ ಚುರ್ ಅಂದರೆ ಸಾಕು. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟ ಬೇರಿಂಗ್ ತಾನಾಗಿಯೇ ಒಳಗೆ ಇಳಿಯುತ್ತದೆ. ಸುತ್ತಿಗೆ ಬೇಡ.

ಸುತ್ತಿಗೆ ಬೇಕಾಗುವುದು ಕ್ರ್ಯಾಂಕಿಗೆ, ಅದೂ ತಾಮ್ರದ್ದು. ಎರಡು ಚಕ್ರಗಳನ್ನು ಪಿನ್ನಿಗೆ ಪ್ರೆಸ್ ಮಾಡಿ ಕೂಡಿಸಿದ ಕ್ರ್ಯಾಂಕ್ ಇದು. ಹೊಸ ಕನೆಕ್ಟಿಂಗ್ ರಾಡ್ ಹಾಕಿಸಿದ ಮೇಲೆ ನೇರ ಇರುವುದು ಅಪರೂಪ. ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸುವುದು, ಒಂದು ಏಟು ಕೊಡುವುದು, ಮತ್ತೆ ತಿರುಗಿಸುವುದು. ಓಲಾಟ 0.03 ಮಿ.ಮೀ. ಒಳಗೆ ಬರುವವರೆಗೆ ನಾನು ಬಿಡುವುದಿಲ್ಲ. ಕೆಲವು ಸಲ ಇಡೀ ಬೆಳಗ್ಗೆ ಇದಕ್ಕೇ ಹೋಗುತ್ತದೆ. ಕ್ರ್ಯಾಂಕ್ ಓಲಾಡಿದರೆ ಎಷ್ಟು ಹೊಸ ಸೀಲ್ ಹಾಕಿದರೂ ತಿಂದುಹಾಕುತ್ತದೆ, ಅದಕ್ಕೇ ಈ ಹಟ.

ಸಿಲಿಂಡರ್ ಬೋರ್ 65 ಮಿ.ಮೀ. ಸವೆದ ಹಾಗೆ ಕಾಲು ಮಿ.ಮೀ. ಲೆಕ್ಕದಲ್ಲಿ ದೊಡ್ಡದು ಮಾಡಿಸುತ್ತಾ ಹೋಗಬಹುದು. ಅದೂ ಮುಗಿದರೆ ಹೊಸ ಸ್ಲೀವ್. ಈ ಕೆಲಸ ಒಳ್ಳೇ ಲೇತ್‌ನವರಿಗೇ ಕೊಡಿ. ಪೇಂಟ್, ನಿಕ್ಕಲ್ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಕನ್ನಡಿ ಥರ ಹೊಳೆಯುವ ಟ್ಯಾಂಕಿನ ಕೆಳಗೆ ಉಬ್ಬಸದ ಇಂಜಿನ್ ಇದ್ದರೆ ನನಗೆ ಆ ಗಾಡಿ ಕಡೆ ನೋಡಲು ಮನಸ್ಸಾಗುವುದಿಲ್ಲ.

ಕೊನೆಗೆ ಬಿ.ಪಿ. ಮೀಟರ್. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಖಾಲಿ ಮೈಗೆ ಸಣ್ಣ ಕೊಳವೆ ಬೆಸೆದು ಇಟ್ಟುಕೊಂಡಿದ್ದೇನೆ. ಎಕ್ಸಾಸ್ಟ್ ಬಾಯಿ, ಕಾರ್ಬುರೇಟರ್ ಬಾಯಿ ಎರಡನ್ನೂ ಸೈಕಲ್ ಟ್ಯೂಬಿನ ತುಂಡು, ತಗಡು ಇಟ್ಟು ಬಿಗಿಯುತ್ತೇನೆ. ಪಿಸ್ಟನ್ ಪೂರ್ತಿ ಕೆಳಗಿಳಿಸಿ, ಪ್ಲಗ್ ತೂತಿನಿಂದ ಗಾಳಿ ತುಂಬುತ್ತೇನೆ. ಮುಳ್ಳು 250ಕ್ಕೆ ಬಂದ ಮೇಲೆ ಐದು ನಿಮಿಷ ಕದಲಬಾರದು. ಕದಲಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕುವುದು.

ಆ ರೋಡ್‌ಕಿಂಗಿಗೆ ಬೇರೆ ಸಿಲಿಂಡರ್ ಹಾಕಿದೆ, ಪೋರ್ಟ್ ಮುಟ್ಟಲಿಲ್ಲ. ಹಿಂದಿನ ಸ್ಪ್ರಾಕೆಟ್ ಮಾತ್ರ ದೊಡ್ಡದು ಮಾಡಿದೆ. ರೇಸಿಗೆ ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಆಯಿಲ್. 1991ರಲ್ಲಿ ಅದೇ ಮೈದಾನದಲ್ಲಿ ಎರಡನೆಯವನಾಗಿ ಬಂದೆ. ಪ್ಲಗ್ ಬಿಚ್ಚಿದರೆ ಒಳ್ಳೇ ಕಾಫಿ ಬಣ್ಣ. ಉಸ್ತಾದ್ ಅದನ್ನು ಜೇಬಿಗೆ ಹಾಕಿಕೊಂಡು ಹೋದರು. ಬಹುಮಾನದ ಕಪ್ ನೋಡಿದ್ದಕ್ಕಿಂತ ಆ ಪ್ಲಗ್ ನೋಡಿಯೇ ಅವರಿಗೆ ಖುಷಿಯಾದದ್ದು.

ಈಗ ವಯಸ್ಸಾಗಿದೆ. ಹಳೇ ಟೂ ಸ್ಟ್ರೋಕ್‌ಗಳಿಗೆ ಬೇರೆ ವಿಭಾಗ ಇಟ್ಟರೆ ಮಾತ್ರ ರೇಸಿಗೆ ಇಳಿಯುತ್ತೇನೆ. ಸದ್ಯ ಬೆಂಚಿನ ಮೇಲಿರುವುದು ಅಪ್ಪನ ಹಳೇ ಬಿ ಟೈಪ್. ಜುಲೈ ಎರಡನೇ ಭಾನುವಾರ ಜಾವಾ ದಿನ, ಅಷ್ಟರಲ್ಲಿ ರಸ್ತೆಗಿಳಿಸಬೇಕು ಅಂತ ಮಗಳು ಹಟ ಹಿಡಿದಿದ್ದಾಳೆ. ನಿನ್ನೆ ರಾತ್ರಿ ಬಿ.ಪಿ. ಮೀಟರಿನ ರಬ್ಬರ್ ಬಲ್ಬ್ ಒತ್ತಿದವಳು ಅವಳೇ. ಮುಳ್ಳು 250ಕ್ಕೆ ಹೋಯಿತು. ಮೂರನೇ ನಿಮಿಷಕ್ಕೆ 240. ಸೋಪಿನ ನೀರು ಹಚ್ಚಿ, ಟಾರ್ಚ್ ಹಿಡಿದು ಬಗ್ಗಿದಳು. ಎರಡು ಹೋಳು ಸೇರುವ ಕಡೆ, ತಳದಲ್ಲಿ, ಸಾಸಿವೆಯಷ್ಟು ಒಂದು ಗುಳ್ಳೆ.

‘ಅಪ್ಪಾ, ಪೂರ್ತಿ ಬಿಚ್ಬೇಕಾ?’ ಅಂದಳು.

‘ಹೂಂ’ ಅಂದೆ. ಅವಳಾಗಲೇ ಸ್ಪ್ಯಾನರ್ ಎತ್ತಿಕೊಂಡಿದ್ದಳು.