ಅಂಟಿಕೊಂಡ ಸುಣ್ಣ, ತಡವಾದ ಸುಣ್ಣ: ನನ್ನ ಅನುಭವ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನನ್ನದೊಂದು ಪುಟ್ಟ ಘಟಕವಿದೆ. ನುಂಗಲು ಕಷ್ಟಪಡುವವರಿಗಾಗಿ ರಾಗಿ ಹುರಿಹಿಟ್ಟಿನ ಅರೆಘನ ಆಹಾರ ಮಾಡುತ್ತೇನೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣ (ಕ್ಯಾಲ್ಸಿಯಂ) ಇದೆ, ಸರಿ. ಗಂಜಿಯನ್ನು ಮಂದಗೊಳಿಸುವ ಗಮ್ ಅಥವಾ ಪಿಷ್ಟ, ಅಂದರೆ ಥಿಕ್ನರ್, ಬೆರೆತ ಮೇಲೆ ಅದರಲ್ಲಿ ಕರುಳಿಗೆ ದಕ್ಕುವುದೆಷ್ಟು? ಇದನ್ನು ತಿಳಿಯಲು ಲ್ಯಾಬಿನಲ್ಲಿ ಗಂಜಿಯನ್ನು ಜೀರ್ಣಿಸಿ, ಅದರಲ್ಲಿ ಅತಿ ಸಣ್ಣ ರಂಧ್ರಗಳ ಡಯಾಲಿಸಿಸ್ ಚೀಲ ಇಟ್ಟು, ಒಳಕ್ಕೆ ಬಂದ ಖನಿಜವನ್ನು ಅಳೆಯುತ್ತಾರೆ.

'ಡಯಾಲಿಸಿಸ್ ಚೀಲದೊಳಕ್ಕೆ ಬರಲಿಲ್ಲವೆಂದರೆ ಗಮ್‌ಗೆ ಅಂಟಿದೆ ಎಂದೇ ಲೆಕ್ಕ' ಎಂದು ಅಂಧೇರಿಯ ಲ್ಯಾಬ್ ಗೆಳೆಯರು ವಾದಿಸುತ್ತಿದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ಗಂಜಿ ಮಂದವಾಗಿದ್ದರೆ ಖನಿಜ ನಿಧಾನವಾಗಿ ಸಾಗುತ್ತದೆ, ಅದು ಅಂಟಿಕೊಂಡಂತಲ್ಲ. ಜೀರ್ಣಿಸುವ ಪೆಪ್ಸಿನ್, ಪ್ಯಾಂಕ್ರಿಯಾಟಿನ್, ಆಮ್ಲ ತಗ್ಗಿಸುವ ಬೈಕಾರ್ಬನೇಟ್ ಎಲ್ಲ ಅವರು ಮಾಡುವಂತೆಯೇ. ನಾನು ಸೇರಿಸಿದ್ದು ಒಂದೇ: 2 ಗಂಟೆಯ ಅಳತೆಯ ಜೊತೆಗೆ ಇನ್ನೊಂದು ಜೋಡಿ ಮಾದರಿಯನ್ನು, ಕೆಡದಂತೆ ಸೂಕ್ಷ್ಮಜೀವಿಗಳನ್ನು ತಡೆಯುವ ವಿಷವಾದ ಸೋಡಿಯಂ ಅಜೈಡ್ ಚಿಟಿಕೆ ಹಾಕಿ, ರಾತ್ರಿಯಿಡೀ ಅಲುಗಾಡಲು ಬಿಟ್ಟೆ.

ದುಡ್ಡು ನೀರಿನಂತೆ ಹರಿಯಿತು. ಸುಣ್ಣ, ಕಬ್ಬಿಣ, ಸತು ಈ ಮೂರು ಖನಿಜಗಳ ಅಳತೆಗೆ ಒಂದು ಮಾದರಿಗೆ ಹೆಚ್ಚುಕಡಿಮೆ 1,200 ರೂಪಾಯಿ. ಒಂದು ಮಳೆಗಾಲಕ್ಕೆ 50,000ದ ಹತ್ತಿರ. ಕರೆಂಟ್ ಹೋದ ರಾತ್ರಿಗಳ ಮಾದರಿಗಳೆಲ್ಲ ಮೋರಿಗೆ. ಕಬ್ಬಿಣದ ಅಂಕಿ ಏರುತ್ತಲೇ ಇತ್ತು. ಹುಡುಕಿದರೆ ಮಿಕ್ಸಿಯ ಸ್ಟೀಲ್ ಬ್ಲೇಡಿನಿಂದ! ಪಿಂಗಾಣಿ ಒರಳಿಗೆ ಬದಲಾಯಿಸಿದ ಮೇಲೆ ಇಳಿಯಿತು.

ಪಿಷ್ಟದ ಥಿಕ್ನರ್‌ನ ಅಂಕಿಗಳು ಚೆನ್ನಾಗಿದ್ದವು, ಆದರೆ ಜೊಲ್ಲು ತಾಗಿದರೆ ನೀರಾಗುವ ಪದಾರ್ಥ ನಮ್ಮ ರೋಗಿಗಳಿಗೆ ಅಪಾಯ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಗಮ್, ರಾಗಿಯ ಸುಣ್ಣ ಸಿಕ್ಕಿದ್ದೇ ತಡ, ಮೀನಿನ ಮೊಟ್ಟೆಯಂಥ ಗಂಟುಗಳಾಗಿ ಕುಳಿತುಕೊಂಡಿತು; ಬೆರಳಲ್ಲಿ ಹಿಚುಕಿದರೂ ಜಾರುತ್ತಿದ್ದವು. ರಾತ್ರಿಯಿಡೀ ಕಾದರೂ ಸುಣ್ಣ ಸಾದಾ ಗಂಜಿಯ ಅರ್ಧವನ್ನೂ ಮುಟ್ಟಲಿಲ್ಲ. ಗೋರಿಕಾಯಿ ಬೀಜದ ಗ್ವಾರ್ ಗಮ್‌ನದು ಬೇರೆ ಕಥೆ: 2 ಗಂಟೆಗೆ ಮೂರನೇ ಒಂದು ಭಾಗ ಕಡಿಮೆ, ಬೆಳಗಾಗುವಷ್ಟರಲ್ಲಿ ಸಾದಾ ಗಂಜಿಯ ಸಮಸಮ. ಕ್ಸಾಂಥನ್ ಎಂಬ ಇನ್ನೊಂದು ಗಮ್ ಇವೆರಡರ ನಡುವೆ.

ಕರುಳು ರಾತ್ರಿಯಿಡೀ ಕಾಯುವುದಿಲ್ಲ, ನಿಜ. ಆದರೆ ತಡವನ್ನು ಗಮ್‌ನ ಪ್ರಮಾಣ ಇಳಿಸಿ ಸರಿಪಡಿಸಬಹುದು. ಅಂಟಿಕೊಳ್ಳುವ ಗಮ್ ಅನ್ನು ಕೈಬಿಡಲೇಬೇಕು. ಈ ಭೇದ ಹಿಡಿದದ್ದು ನನ್ನ ಚೀಲಗಳೇ ಎಂದು ಹೆಮ್ಮೆಯಿಂದ ಹೇಳುತ್ತೇನೆ.

ನಡುವೆ ನಿಂಬೆರಸವನ್ನೂ ಹಿಂಡಿ ನೋಡಿದೆ. ಕಬ್ಬಿಣ ಚೆನ್ನಾಗಿ ಚೇತರಿಸಿತು, ಸುಣ್ಣ ಕದಲಲಿಲ್ಲ.

ಈಗ ಗ್ವಾರ್ ಜೊತೆ ತುಸು ಚೀನಾ ಗ್ರಾಸ್ ಬಳಸುತ್ತೇನೆ. ಯಾವ ಬಿಸಿಯಲ್ಲಿ, ಯಾವುದನ್ನು ಮೊದಲು ಹಾಕಬೇಕೆಂಬುದನ್ನು ಮಾತ್ರ ಹೇಳುವುದಿಲ್ಲ. ನನ್ನ ಹೊಟ್ಟೆಪಾಡು ಅದರಲ್ಲಿದೆ. ಅಂಧೇರಿಯವರು ಈಗ ರಾತ್ರಿಯ ಅಳತೆಯನ್ನೂ ಕೇಳಿ ಪಡೆಯುತ್ತಿದ್ದಾರೆ. ಸತುವಿನ ಅಂಕಿಗಳು ಇನ್ನೂ ಹೊಂದುತ್ತಿಲ್ಲ, ಚೀಲ ಕೊಳ್ಳಲು ಮತ್ತೆ ಹಣ ಕೂಡಿಸುತ್ತಿದ್ದೇನೆ.