ಟಿಸಿ ಜೆರಾಕ್ಸ್‌ಗೆ ಬರುವ ಹುಡುಗರು

ಬೆಂಗಳೂರಿನ ಪೀಣ್ಯ ಕಡೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಸುತ್ತ ಗಾರ್ಮೆಂಟ್ಸ್, ಸಣ್ಣಪುಟ್ಟ ಶೆಡ್‌ಗಳು, ವಠಾರದ ಮನೆಗಳು. ಯಾವ ಹುಡುಗ ಓದು ಬಿಟ್ಟ ಅನ್ನೋದು ಬೀದಿಗೆ ಗೊತ್ತಾಗುವ ಮೊದಲೇ ನನಗೆ ಗೊತ್ತಾಗುತ್ತದೆ. ಟಿಸಿ ಜೆರಾಕ್ಸ್ ಮಾಡಿಸೋಕೆ ಬರುತ್ತಾರಲ್ಲ! "ಎಲ್ಲಿಗೆ ಸೇರ್ತಿದ್ದೀಯಪ್ಪ?" ಅಂತ ಕೇಳುತ್ತೇನೆ. ಶಾಲೆಯ ಹೆಸರು ಥಟ್ಟನೆ ಬಂದರೆ ಚಿಂತೆಯಿಲ್ಲ. "ನೋಡ್ಬೇಕು ಅಣ್ಣ" ಅಂದರೆ ಅವನ ಮನೆ ಎಲ್ಲಿ ಅಂತ ವಿಚಾರಿಸಿಕೊಳ್ಳುತ್ತೇನೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಇಂಥವರು ಜಾಸ್ತಿ. ಈಗ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯೋ ಅವಕಾಶ ಇದೆ. ಆದರೆ ಫೇಲಾದ ಹುಡುಗನಿಗೆ ಅದನ್ನು ಕೂರಿಸಿಕೊಂಡು ಹೇಳುವವರು ಬೇಕು. ಅರ್ಜಿ ಹಾಕಿಸೋಕೆ ಶಾಲೆವರೆಗೂ ಜೊತೆಗೆ ಹೋಗುವವರು ಬೇಕು.

ನಾನು ಸಮಾಜಸೇವೆ ಓದಿದವನಲ್ಲ. ವಯಸ್ಸಿನಲ್ಲಿ ಕಬಡ್ಡಿ ಆಡುತ್ತಿದ್ದೆ, ಅಷ್ಟೇ. ಆದರೆ ಅಂಗಡಿಯಲ್ಲಿ ಕೂತವನಿಗೆ ರಸ್ತೆ ಕಾಣುತ್ತದೆ. ಶಾಲೆ ಬಿಡೋದು ನಾಲ್ಕೂವರೆಗೆ. ತಾಯಿ ಫ್ಯಾಕ್ಟರಿಯಿಂದ ಮನೆ ಸೇರೋದು ಏಳಕ್ಕೆ, ಓಟಿ ಇದ್ದರೆ ಇನ್ನೂ ತಡ. ಈ ಹೊತ್ತಿನಲ್ಲಿ ಹುಡುಗರನ್ನು ಮನೆಯಲ್ಲಿ ಕೇಳೋರಿಲ್ಲ. ಬೀದಿಯಲ್ಲಿ ಕೇಳೋರು ಇದ್ದಾರೆ. ಇಪ್ಪತ್ತು ದಾಟಿದ ಅಣ್ಣಂದಿರು ಮೊದಲು ಗೋಬಿ ಕೊಡಿಸುತ್ತಾರೆ. ಆಮೇಲೆ ಗಾಡಿ ಓಡಿಸೋಕೆ ಕೊಡುತ್ತಾರೆ. ಕೊನೆಗೆ ಒಂದು ದಿನ, "ಹಿಂದೆ ಕೂತ್ಕೊಂಡು ಮೊಬೈಲ್ ಕಿತ್ಕೋ. ನಿಂಗೆ ಹದಿನೆಂಟು ಆಗಿಲ್ವಲ್ಲ, ಏನೂ ಆಗಲ್ಲ" ಅನ್ನುತ್ತಾರೆ. ಹೀಗೆ ಮಕ್ಕಳನ್ನು ಅಪರಾಧಕ್ಕೆ ಬಳಸಿಕೊಳ್ಳುವ ದೊಡ್ಡವರಿಗೆ 2015ರ ಬಾಲನ್ಯಾಯ ಕಾಯ್ದೆಯ 83ನೇ ಕಲಮಿನಲ್ಲಿ 7 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿ ದಂಡ ಇದೆ. ಈ ಮಾತನ್ನು ಹುಡುಗರಿಗೆ ಯಾರೂ ಹೇಳಿರುವುದಿಲ್ಲ.

ನಾನು ಮಾಡಿದ್ದು ಆ ಎರಡೂವರೆ ಗಂಟೆಯನ್ನು ತುಂಬುವ ಕೆಲಸ. ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಿಸ್ ಮೈದಾನದ ಗೇಟಿನ ಕೀ ಕೊಟ್ಟರು. ನಲ್ಲಿ ಮುರಿದರೆ, ಹೆಂಚು ಒಡೆದರೆ ಖರ್ಚು ನಮ್ಮದು ಅನ್ನೋ ಷರತ್ತು ಹಾಕಿದರು. ಮಣ್ಣಿನ ಅಂಕಣ ಹಾಕಿದೆವು. ಕಬಡ್ಡಿಗೆ ದುಡ್ಡು ಬೇಡ, ಸುಣ್ಣದ ಪುಡಿ ಇದ್ದರೆ ಸಾಕು. ಆಟ ಮುಗಿದ ಮೇಲೆ ಬೇಯಿಸಿದ ಕಡಲೆಕಾಳು, ಬಾಳೆಹಣ್ಣು. ಅದನ್ನು ಸ್ತ್ರೀಶಕ್ತಿ ಸಂಘದ ಹೆಂಗಸರು ಸರದಿ ಮೇಲೆ ನೋಡಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಕೆಲವರು ಕಡಲೆಕಾಳಿಗೇ ಬರುತ್ತಾರೆ. ಬರಲಿ ಬಿಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಠ ಹಿಡಿದೆ. "ದಾರಿ ತಪ್ಪಿದವರದ್ದೇ ಒಂದು ಬ್ಯಾಚ್ ಮಾಡಿ, ಸುಧಾರಿಸಿಬಿಡೋಣ" ಅಂತ ಏರಿಯಾದ ಹಿರಿಯರು ಹೇಳಿದರು. ನಾನು ಒಪ್ಪಲಿಲ್ಲ. ಅಂಥವರನ್ನೇ ಒಟ್ಟಿಗೆ ಸೇರಿಸಿದರೆ ಒಬ್ಬನಿಗೆ ಗೊತ್ತಿದ್ದದ್ದು ಹತ್ತು ಜನಕ್ಕೆ ಗೊತ್ತಾಗುತ್ತದೆ. ಊರಿನ ಬಾಯಲ್ಲಿ ಅದು 'ಕಳ್ಳರ ಟೀಮ್' ಆಗುತ್ತದೆ. ಆಮೇಲೆ ಯಾವ ತಾಯಿ ಮಗನನ್ನು ಕಳಿಸುತ್ತಾಳೆ? ತಂಡದ ಏಳು ಜನರಲ್ಲಿ ಟ್ಯೂಷನ್‌ಗೆ ಹೋಗುವವನೂ ಇರಬೇಕು, ದೇವಸ್ಥಾನದ ಪೂಜಾರಿಯ ಮಗನೂ ಇರಬೇಕು, ಹೋದ ತಿಂಗಳು ಸ್ಟೇಷನ್ ಮೆಟ್ಟಿಲು ಹತ್ತಿದವನೂ ಇರಬೇಕು. ಯಾರು ಯಾವ ಲೆಕ್ಕದಲ್ಲಿ ಬಂದ ಅನ್ನೋದು ನನಗೆ ಮಾತ್ರ ಗೊತ್ತು.

ಇನ್ನೊಬ್ಬರು ಜೈಲು ತೋರಿಸಿಕೊಂಡು ಬನ್ನಿ, ಹೆದರಿ ನೆಟ್ಟಗಾಗುತ್ತಾರೆ ಅಂದರು. ಅಷ್ಟರಲ್ಲಿ ಫೀಲ್ಡ್‌ವರ್ಕ್‌ಗೆ ಬಂದಿದ್ದ, ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಓದುವ ಹುಡುಗಿಯೊಬ್ಬಳು ನನ್ನ ಹತ್ತಿರವೇ ಒಂದು ಪೇಪರ್ ಪ್ರಿಂಟ್ ತೆಗೆಸಿದ್ದಳು. ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ 1970ರ ದಶಕದಲ್ಲೇ ಇದನ್ನು ಮಾಡಿ ನೋಡಿದ್ದಾರೆ. ಕೈದಿಗಳಿಂದ ಹುಡುಗರಿಗೆ ಬೈಸಿ, ಬೆದರಿಸಿ ಕಳಿಸುತ್ತಿದ್ದರಂತೆ. ಆಮೇಲೆ ಇಂಥ ಕಾರ್ಯಕ್ರಮಗಳನ್ನೆಲ್ಲ ಒಟ್ಟಿಗೆ ಪರೀಕ್ಷಿಸಿದಾಗ, ಜೈಲು ನೋಡಿ ಬಂದ ಹುಡುಗರೇ ಹೋಗದಿದ್ದವರಿಗಿಂತ ಜಾಸ್ತಿ ತಪ್ಪು ಮಾಡಿದ್ದು ಗೊತ್ತಾಯಿತು. ನನಗೇನೂ ಆಶ್ಚರ್ಯ ಆಗಲಿಲ್ಲ. ನಮ್ಮ ಹುಡುಗರಿಗೆ ಪೊಲೀಸ್ ಏಟು ಹೊಸದಲ್ಲ. ಅವರಿಗೆ ಹೊಸದು ಅಂದರೆ, "ನಿನ್ನೆ ಯಾಕೋ ಬರ್ಲಿಲ್ಲ?" ಅಂತ ಯಾರಾದರೂ ಕೇಳುವುದು.

ಆಟ ಇನ್ನೊಂದಕ್ಕೂ ಉಪಯೋಗಕ್ಕೆ ಬಂತು. ಕಬಡ್ಡಿಯಲ್ಲಿ ಒಂದು ರೈಡ್ ಅಂದರೆ 30 ಸೆಕೆಂಡ್. ಗಟ್ಟಿಮುಟ್ಟಾದ ಹುಡುಗನೊಬ್ಬ ಅರ್ಧಕ್ಕೇ ಕೆಮ್ಮುತ್ತಾ ವಾಪಸ್ ಬರುತ್ತಿದ್ದ. ಕರ್ಚೀಫ್ ಯಾವಾಗಲೂ ಮುಷ್ಟಿಯಲ್ಲಿ. ಮೂಗಿನ ಹತ್ತಿರ ಚರ್ಮ ಒಣಗಿ ಕೆಂಪಾಗಿತ್ತು. ಹತ್ತಿರ ಹೋದರೆ ಪಂಕ್ಚರ್ ಸಲ್ಯೂಷನ್ ವಾಸನೆ. ನಶೆಗೆ ಅದನ್ನೇ ಮೂಸುತ್ತಿದ್ದ. ಎಲ್ಲರ ಎದುರು ಏನೂ ಕೇಳಲಿಲ್ಲ. ಮನೆವರೆಗೂ ಮಾತಾಡುತ್ತಾ ನಡೆದೆ. ಆಮೇಲಿನ ವಾರ ಅವನ ತಾಯಿ ರಜೆ ಹಾಕಿದ ದಿನ ಮೂರೂ ಜನ ನಿಮ್ಹಾನ್ಸ್‌ಗೆ ಹೋದೆವು. ಚಟ ಬಿಡಿಸೋಕೆ ಅಲ್ಲಿ ಬೇರೆ ವಿಭಾಗವೇ ಇದೆ. ಅವನೇನೂ ಒಂದೇ ಸಲಕ್ಕೆ ಬಿಡಲಿಲ್ಲ. ಆ ಸಲ್ಯೂಷನ್ ಟ್ಯೂಬ್ ಮಾರುತ್ತಿದ್ದ ಅಂಗಡಿಯವರಿಗೂ ಹೋಗಿ ಹೇಳಿದೆ. ಮೊದಲು ಗುರ್ ಅಂದರು. ಅವರ ಅಣ್ಣನ ಮಗನೂ ನಮ್ಮ ಟೀಮಿನಲ್ಲೇ ಇದ್ದ, ಹಾಗಾಗಿ ಒಪ್ಪಿಕೊಂಡರು.

ಇಷ್ಟೆಲ್ಲ ಆದರೂ ಒಬ್ಬಿಬ್ಬರು ಸಿಕ್ಕಿಬೀಳುತ್ತಾರೆ. ಆಗ ನನ್ನ ಅಂಗಡಿಯೇ ಕೆಲಸಕ್ಕೆ ಬರುತ್ತದೆ. ಮನೆಯವರು ಒಪ್ಪಿದರೆ, ಪ್ರತಿ ಹುಡುಗನ ಜನನ ಪ್ರಮಾಣಪತ್ರ ಅಥವಾ ಮಾರ್ಕ್ಸ್‌ಕಾರ್ಡಿನ ಒಂದು ಪ್ರತಿ ನನ್ನ ಫೈಲಿನಲ್ಲಿ ಇರುತ್ತದೆ. ವಯಸ್ಸು ತೋರಿಸೋಕೆ ಮೊದಲು ಕೇಳುವುದೇ ಅದನ್ನು. ಹದಿನೇಳರ ಹುಡುಗ ನೋಡೋಕೆ ಇಪ್ಪತ್ತರವನ ಥರ ಇದ್ದರೆ ಆ ಹಾಳೆಯೇ ಅವನನ್ನು ಕಾಪಾಡಬೇಕು. ಮಕ್ಕಳನ್ನು ಲಾಕಪ್‌ನಲ್ಲಿ ಇಡೋ ಹಾಗಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜಕಾರ್ಯಕರ್ತರು ಇರುತ್ತಾರೆ. ಒಬ್ಬ ಹುಡುಗನ ಜೊತೆ ನಾನೂ ಹೋಗಿದ್ದೆ. "ಇವನನ್ನ ನೋಡ್ಕೊಳ್ಳೋರು ಯಾರಿದ್ದೀರಿ?" ಅಂತ ಕೇಳಿದರು. ತಾಯಿ ಅಳುತ್ತಿದ್ದರು. "ಸಂಜೆ ಹೊತ್ತು ನಾನಿದ್ದೀನಿ ಸಾರ್" ಅಂದೆ. ಎಲ್ಲಿ, ಎಷ್ಟು ಹೊತ್ತು, ಯಾರ್ಯಾರು ಇರುತ್ತಾರೆ ಅಂತ ಬಿಡದೆ ಕೇಳಿದರು. ನಮ್ಮ ಹಾಜರಿ ಪುಸ್ತಕ ತೋರಿಸಿದೆ. ಜಾಮೀನು ಸಿಕ್ಕಿತು. ಇಂಥ ಮಕ್ಕಳ ಗುರುತು ಹೊರಗೆ ಹಾಕುವುದು ಅಪರಾಧ, ಹಾಗಾಗಿ ಅವನ ಬಗ್ಗೆ ಇಷ್ಟೇ ಹೇಳುತ್ತೇನೆ.

ದುಡ್ಡಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಕಷ್ಟದಲ್ಲಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಒಳ್ಳೆಯದೇ. ಆದರೆ ನಗರದಲ್ಲಿ ಕುಟುಂಬದ ಆದಾಯ ವರ್ಷಕ್ಕೆ 96,000 ದಾಟಬಾರದು. ಅಂದರೆ ತಿಂಗಳಿಗೆ ಎಂಟು ಸಾವಿರ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಯುವ ಒಂಟಿ ತಾಯಿಯ ಸಂಬಳವೇ ಅದಕ್ಕಿಂತ ಜಾಸ್ತಿ. ಬಾಡಿಗೆ ಕೊಟ್ಟು ಅವಳ ಕೈಯಲ್ಲಿ ಉಳಿಯೋದು ಎಷ್ಟು ಅಂತ ಯಾವ ಅರ್ಜಿಯಲ್ಲೂ ಕೇಳಲ್ಲ. ಆದರೂ ಅರ್ಹರಾದವರ ಅರ್ಜಿಗಳನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹಾಕಿಸುತ್ತಾ ಇರುತ್ತೇವೆ. ಜೆರಾಕ್ಸ್ ಫ್ರೀ.

ಈಗಿನ ತಲೆನೋವು ವ್ಹೀಲಿಂಗ್. ತುಮಕೂರು ರಸ್ತೆಯ ಸರ್ವಿಸ್ ರೋಡ್‌ಗಳಲ್ಲಿ ರಾತ್ರಿ ಹುಡುಗರು ಮುಂದಿನ ಚಕ್ರ ಎತ್ತಿ ಓಡಿಸುತ್ತಾರೆ, ಇನ್ನೊಬ್ಬ ರೀಲ್ಸ್‌ಗೆ ವಿಡಿಯೋ ಮಾಡುತ್ತಾನೆ. ಗಾಡಿ ಮಾತ್ರ ಅಮ್ಮ ಲೋನ್‌ನಲ್ಲಿ ತೆಗೆದದ್ದು. 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ, ಅಪ್ರಾಪ್ತ ಹುಡುಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಂಗಡಿ ಮುಂದೆ ಅಂಟಿಸಿದ್ದೇನೆ. ಹುಡುಗರು ಅದರ ಕಡೆ ತಿರುಗಿಯೂ ನೋಡಲ್ಲ. ಲೈಸೆನ್ಸ್ ಇಲ್ಲದಿದ್ದರೆ ಡೆಲಿವರಿ ಕೆಲಸವೂ ಸಿಗಲ್ಲ ಅಂದಾಗ ಮಾತ್ರ ಒಬ್ಬಿಬ್ಬರು ನಿಂತು ಕೇಳಿದರು. ತಾಯಂದಿರು ಓದಿ ಗಾಬರಿಯಾಗಿ, ರಾತ್ರಿ ಕೀ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗೋಕೆ ಶುರು ಮಾಡಿದ್ದಾರೆ. ಅವರಿಗೆ ನಾನು ಕೇಳುವುದು ಒಂದೇ: "ಅಕ್ಕಾ, ಎರಡನೇ ಕೀ ಎಲ್ಲಿದೆ?"