ಲಾಸಾಗೆ ಹೊರಟವರೇ, ಮೊದಲು ದಿನಗಳನ್ನು ಕೊಂಡುಕೊಳ್ಳಿ

ಚೀನಾ, ಟಿಬೆಟ್ ಎರಡನ್ನೂ ಆರಾಮಾಗಿ, ಸ್ವಲ್ಪ ಜಾಸ್ತಿ ಖರ್ಚು ಮಾಡಿಯೇ ನೋಡಬೇಕು ಎಂದುಕೊಂಡವರಿಗೆ ಒಂದು ಮಾತು. ದುಡ್ಡನ್ನು ಮೊದಲು ದಿನಗಳಿಗೆ ಹಾಕಿ, ಆಮೇಲೆ ಹೋಟೆಲ್‌ಗೆ.

ಟಿಬೆಟ್ ರಾಜಧಾನಿ ಲಾಸಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಅಷ್ಟೇ. ವಿಮಾನ ಇಳಿದ ದಿನವೇ ಪೊಟಾಲಾ ಅರಮನೆಯ ಮೆಟ್ಟಿಲು ಹತ್ತಲು ಹೋದರೆ ತಲೆನೋವು, ವಾಂತಿ, ಏದುಸಿರು ಶುರುವಾಗಬಹುದು. ಮೊದಲ ಎರಡು ದಿನ ಸುಮ್ನೆ ಸುಧಾರಿಸಿಕೊಳ್ಳಿ. ಕೋಣೆಗೆ ಆಮ್ಲಜನಕ ಬಿಡುವ ಹೋಟೆಲ್‌ಗಳು ಅಲ್ಲಿವೆ. ಈಜುಕೊಳಕ್ಕಿಂತ ಅದಕ್ಕೆ ಹಣ ಕೊಡುವುದು ಮೇಲು. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಲೇಬೇಡಿ.

ಚೀನಾ ವೀಸಾ ಒಂದೇ ಸಾಲದು. ಟಿಬೆಟ್ ಪರ್ಮಿಟ್ ಬೇರೆ ಬೇಕು. ಅದು ಟ್ರಾವೆಲ್ ಏಜೆನ್ಸಿ ಮೂಲಕವೇ ಸಿಗುವುದು, ಗೈಡ್ ಕೂಡ ಕಡ್ಡಾಯ. ಫೆಬ್ರವರಿ ಕೊನೆ, ಮಾರ್ಚ್ ತಿಂಗಳು ವಿದೇಶಿಯರಿಗೆ ಸಾಮಾನ್ಯವಾಗಿ ಬಾಗಿಲು ಮುಚ್ಚಿರುತ್ತದೆ.

ಪುರುಸೊತ್ತು ಇದ್ದರೆ ಚೀನಾದ ಶೀನಿಂಗ್ ನಗರದಿಂದ ಲಾಸಾಗೆ ರೈಲಿನಲ್ಲಿ ಹೋಗಿ. 2006ರಲ್ಲಿ ಶುರುವಾದ ಈ ದಾರಿ 5,000 ಮೀಟರ್‌ಗೂ ಮೇಲೆ ಹಾದುಹೋಗುತ್ತದೆ. ನಾಲ್ಕು ಬರ್ತ್‌ಗಳ ಸಾಫ್ಟ್ ಸ್ಲೀಪರ್ ತೆಗೆದುಕೊಳ್ಳಿ.

ಲಾಸಾದಲ್ಲಿ ಒಂದು ಮಧ್ಯಾಹ್ನವನ್ನು ಸೆರಾ ಮಠಕ್ಕೇ ಇಡಿ. ಭಿಕ್ಷುಗಳು ಅಂಗಳದಲ್ಲಿ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾ ವಾದ ಮಾಡುವುದನ್ನು ನೋಡಬೇಕು. ಬೈಲಕುಪ್ಪೆಯಲ್ಲಿ ಟಿಬೆಟನ್ನರು ಮತ್ತೆ ಕಟ್ಟಿಕೊಂಡ ಸೆರಾ ಇದೆ ಅಲ್ವಾ, ಅದರ ಮೂಲ ಇದೇ, 1419ರದ್ದು. ಹೊರಡುವ ಮೊದಲು ಬೈಲಕುಪ್ಪೆಗೊಮ್ಮೆ ಹೋಗಿಬನ್ನಿ. ಲಾಸಾದ ಜೋಖಾಂಗ್ ದೇವಾಲಯದ ಸುತ್ತಲಿನ ಬಾರ್ಖೋರ್ ಬೀದಿಯಲ್ಲಿ ಮಾತ್ರ ನಮ್ಮ ಪ್ರದಕ್ಷಿಣೆಯಂತೆ ಬಲಕ್ಕೇ ಸುತ್ತಿ, ಎದುರು ನಡೆಯಬೇಡಿ.